ಎವೆಯ ಮರೆಯ ಸುಲೋಚನ

ಕಣ್ಣಿಗೆ ಇಟ್ಟುಕೊಳ್ಳುವ ಗಾಜಿಗೆ ನಮ್ಮ ಭಾಷೆಯಲ್ಲಿ ಹೆಸರುಗಳ ಬಡತನವಿಲ್ಲ. ಬಳಕೆಯ ಮಾತಿನಲ್ಲಿ ಅದು ಕನ್ನಡಕ. ಪಂಡಿತರ ಬಾಯಲ್ಲಿ ಉಪನೇತ್ರ. ಹಳೆಯ ತಲೆಮಾರಿನ ಮೇಷ್ಟರುಗಳು ಅಭಿಮಾನದಿಂದ ಕರೆದದ್ದು ಸುಲೋಚನ. ನಲವತ್ತು ದಾಟಿದವರು ಓದುವುದಕ್ಕೆಂದು ಏರಿಸಿಕೊಳ್ಳುವುದಕ್ಕೆ ಚಾಳೀಸು ಎಂಬ ಬೇರೆಯ ಹೆಸರೇ ಉಂಟು. ಆದರೆ ಮೂಗು ಕಿವಿಗಳ ಆಸರೆಯನ್ನು ತೊರೆದು ಕಣ್ಣಿನ ಮೇಲೆಯೇ ನೆಲೆಸಿದ ಕಾಂಟ್ಯಾಕ್ಟ್ ಲೆನ್ಸಿಗೆ ಜನರ ಬಾಯಲ್ಲಿ ಇನ್ನೂ ಕನ್ನಡದ ಹೆಸರು ಹುಟ್ಟಿಲ್ಲ. ಪಠ್ಯಪುಸ್ತಕಗಳಲ್ಲಿ ಲೆನ್ಸ್ ಎಂದರೆ ಮಸೂರ. ಲ್ಯಾಟಿನ್ನಿನಲ್ಲಿಯೂ ಆ ಪದ ಒಂದು ಬೇಳೆಯ ಹೆಸರೇ. ನಮ್ಮಲ್ಲಿ ಕೆಲವರು ಚನ್ನಂಗಿ ಬೇಳೆ ಎನ್ನುವ ಮಸೂರ ಬೇಳೆಯೇ ಅದು. ಕಾಳಿನ ಉಬ್ಬಿದ ಆಕಾರವೇ ಗಾಜಿಗೆ ಹೆಸರಾಯಿತು. ಧೂಳಿನ ಕಣವೊಂದು ಬಿದ್ದರೆ ಮನೆಮಂದಿಯನ್ನೆಲ್ಲ ಕರೆದು ಊದಿಸಿಕೊಳ್ಳುವ ನಾವು, ಅಂಥ ಬೇಳೆಯೊಂದನ್ನು ಕಣ್ಣಿನಲ್ಲಿಟ್ಟುಕೊಂಡು ದಿನವೆಲ್ಲ ಬಾಳುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಸಿಕ್ಕಲು ಬಹುಕಾಲ ಬೇಕಾಯಿತು. 1888ರಲ್ಲಿ ಜೂರಿಕ್ ನಗರದ ವೈದ್ಯ ಅಡಾಲ್ಫ್ ಫಿಕ್ ಗಾಜಿನ ಚಿಪ್ಪುಗಳನ್ನು ಮಾಡಿಸಿ, ಮೊದಲು ಮೊಲದ ಕಣ್ಣಿಗೂ ಅನಂತರ ತನ್ನ ಕಣ್ಣಿಗೂ ತೊಡಿಸಿ ನೋಡಿದನು. ಕಣ್ಣಿನ ಬಿಳಿಯ ಭಾಗವನ್ನೂ ಮುಚ್ಚುತ್ತಿದ್ದ ಆ ಚಿಪ್ಪನ್ನು ಕೆಲವು ಗಂಟೆ ಸಹಿಸುವುದೇ ಕಷ್ಟವಾಗಿತ್ತು. 1948ರಲ್ಲಿ ಕ್ಯಾಲಿಫೋರ್ನಿಯದ ಕೆವಿನ್ ಟೂಹಿ ಕರಿಗುಡ್ಡೆಯನ್ನಷ್ಟೇ ಆವರಿಸುವ ಪ್ಲಾಸ್ಟಿಕ್ ಲೆನ್ಸನ್ನು ತಂದನು. ಎಲ್ಲಕ್ಕಿಂತ ಸೊಗಸಾದ ಕಥೆ ಚೆಕ್ ರಸಾಯನಶಾಸ್ತ್ರಜ್ಞ ಆಟ್ಟೊ ವಿಖ್ಟರ್ಲೆಯದು. ನೀರನ್ನು ಹೀರಿ ಮೆದುವಾಗುವ ಪ್ಲಾಸ್ಟಿಕ್ ಅವನ ಕೈಯಲ್ಲಿತ್ತು. ಅದಕ್ಕೆ ಸರಿಯಾದ ಆಕಾರ ಕೊಡುವ ಯಂತ್ರವಿರಲಿಲ್ಲ. ಸರ್ಕಾರ ಆ ಕೆಲಸವನ್ನೇ ನಿಲ್ಲಿಸಿತ್ತು. 1961ರ ಕ್ರಿಸ್ಮಸ್ ಸಮಯದಲ್ಲಿ ಅವನು ಮನೆಯ ಮೇಜಿನ ಮೇಲೆ, ಮಕ್ಕಳು ಆಡುವ ಲೋಹದ ಜೋಡಣೆಯ ಆಟಿಕೆಯಿಂದಲೂ ಸೈಕಲ್ಲಿನ ಡೈನಮೊದಿಂದಲೂ ಒಂದು ಯಂತ್ರವನ್ನು ಕಟ್ಟಿ, ತಿರುಗುವ ಅಚ್ಚಿನಲ್ಲಿ ನಾಲ್ಕು ಮೆದು ಲೆನ್ಸುಗಳನ್ನು ಎರಕಹೊಯ್ದನು. ಇಂದು ಜಗತ್ತಿನ ಬಹುಮಂದಿ ಧರಿಸುವ ಲೆನ್ಸಿನ ವಂಶ ಅಲ್ಲಿಂದ ಮೊದಲಾಗುತ್ತದೆ.

ನಾನು ಲೆನ್ಸಿಗೆ ಒಲಿದದ್ದು ರೂಪದ ಆಸೆಯಿಂದಲ್ಲ. ನನ್ನ ಕಣ್ಣುಗಳು ಒಂದೇ ಮನೆಯಲ್ಲಿ ಹುಟ್ಟಿಯೂ ಹೊಂದಿಕೆಯಿಲ್ಲದ ಅಣ್ಣತಮ್ಮಂದಿರಂತೆ. ಎಡಗಣ್ಣಿಗೆ ಮೈನಸ್ ಎರಡು, ಬಲಗಣ್ಣಿಗೆ ಮೈನಸ್ ಎಂಟು. ಕನ್ನಡಕ ಹಾಕಿದರೆ ಬಲಗಣ್ಣಿಗೆ ಲೋಕ ಕಿರಿದಾಗಿ ಕಾಣುತ್ತಿತ್ತು. ಗಾಜಿನ ನಡುವನ್ನು ಬಿಟ್ಟು ಅಂಚಿನಿಂದ ನೋಡಿದರಂತೂ ಎರಡು ಕಣ್ಣಿನದೂ ಬೇರೆ ಬೇರೆ ದಾರಿ. ಕಾಲೇಜಿನ ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಎಲ್ಲಿದೆಯೆಂಬುದನ್ನು ಪಾದವೇ ಹುಡುಕಬೇಕಾಗಿತ್ತು. ಲೆನ್ಸು ಕಣ್ಣಿಗೆ ಅಂಟಿ ಕಣ್ಣಿನೊಡನೆಯೇ ಚಲಿಸುವುದರಿಂದ ಈ ಜಗಳ ಬಹುಮಟ್ಟಿಗೆ ತೀರಿತು. ಅದನ್ನು ತೊಟ್ಟ ಮೊದಲ ದಿನ ಅಂಗಳದ ತೆಂಗಿನ ಗರಿಗಳು ಒಂದರ ಹಿಂದೊಂದಾಗಿ ನಿಂತಿರುವುದನ್ನು ಕಂಡೆ. ಅದುವರೆಗೆ ಅವು ನನಗೆ ಗೋಡೆಯ ಮೇಲಿನ ಚಿತ್ರದಂತೆ ಇದ್ದವು.

ಲೆನ್ಸನ್ನು ಕೊಳ್ಳುವುದು ಬಳೆಯನ್ನು ಕೊಂಡಂತಲ್ಲ. ಕನ್ನಡಕದ ಚೀಟಿಯನ್ನೇ ಹಿಡಿದು ಅಂಗಡಿಗೆ ಹೋದರೆ ಸಾಲದು. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ಮುಂದೆ ನಿಲ್ಲುತ್ತದೆ; ಲೆನ್ಸಿಗೆ ಆ ಅಂತರವಿಲ್ಲ. ಆದುದರಿಂದ ಹೆಚ್ಚಿನ ಸಂಖ್ಯೆಯವರಿಗೆ ಲೆಕ್ಕ ಬದಲಾಗುತ್ತದೆ: ನನ್ನ ಬಲಗಣ್ಣಿನ ಎಂಟು ಲೆನ್ಸಿನಲ್ಲಿ ಏಳೂಕಾಲಕ್ಕೆ ಇಳಿಯಿತು. ಕರಿಗುಡ್ಡೆಯ ಬಾಗು ಎಷ್ಟು, ಕಣ್ಣೀರು ಸಾಕಷ್ಟು ಒಸರುವುದೇ, ಎವೆಗಳ ಒಳಮೈ ಆರೋಗ್ಯವಾಗಿದೆಯೇ ಎಂಬುದನ್ನೆಲ್ಲ ಕಣ್ಣಿನ ತಜ್ಞರು ಅಳೆದು ನೋಡಬೇಕು. ಮೆದು ಲೆನ್ಸು ಸುಮಾರು 14 ಮಿಲಿಮೀಟರ್ ಅಗಲವಾಗಿದ್ದು ಬೇಗ ಒಗ್ಗುತ್ತದೆ. ಗಟ್ಟಿ ಲೆನ್ಸು ಅದಕ್ಕಿಂತ ಕಿರಿದು. ಒಗ್ಗಲು ದಿನಗಳು ಬೇಕಾದರೂ ನೋಟ ಬಲು ಸ್ಪಷ್ಟ. ಕರಿಗುಡ್ಡೆ ಶಂಕುವಿನಂತೆ ಚೂಪಾಗುವ ರೋಗವುಳ್ಳವರಿಗೆ ಕನ್ನಡಕ ಕೊಡಲಾರದ ದೃಷ್ಟಿಯನ್ನು ಅದು ಕೊಡುವುದುಂಟು. ಮೆದು ಲೆನ್ಸುಗಳಲ್ಲಿಯೂ ದಿನಕ್ಕೊಂದು ಜೊತೆ ಎಸೆಯುವಂಥವು, ತಿಂಗಳುಗಟ್ಟಲೆ ತೊಳೆದಿಟ್ಟು ಬಳಸುವಂಥವು ಎಂಬ ಭೇದವಿದೆ. ದಿನದ ಲೆನ್ಸಿಗೆ ಖರ್ಚು ಹೆಚ್ಚು. ಆದರೆ ಮದುವೆಗೋ ಆಟಕ್ಕೋ ಎಂದಾದರೊಮ್ಮೆ ಧರಿಸುವವರಿಗೂ, ತೊಳೆಯಲು ಬೇಸರಪಡುವವರಿಗೂ ಅದೇ ಲೇಸು. ಕಣ್ಣಿನ ಅಳತೆಯೊಡನೆ ತನ್ನ ಸ್ವಭಾವದ ಅಳತೆಯನ್ನೂ ತೆಗೆದುಕೊಳ್ಳಬೇಕು. ಹಾಸಿಗೆಯನ್ನು ಮಡಿಸಿಡಲು ಸೋಮಾರಿಯಾದವನು ಲೆನ್ಸನ್ನು ತಿಂಗಳೆಲ್ಲ ಶುಚಿಯಾಗಿ ಇಟ್ಟುಕೊಂಡಾನೆಂದು ನಂಬುವುದು ಕಷ್ಟ.

ಧರಿಸುವುದರಲ್ಲಿ ಒಂದು ಮಡಿಯಿದೆ. ನಮ್ಮ ಅಜ್ಜಿಯರ ಮಡಿಗೆ ಕಾರಣ ಕೇಳಿದರೆ ಉತ್ತರ ಸಿಕ್ಕುತ್ತಿರಲಿಲ್ಲ. ಈ ಮಡಿಗೆ ಕಾರಣವುಂಟು. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಲ್ಲಿ ರಕ್ತನಾಳಗಳಿಲ್ಲ. ಕಣ್ಣೀರಿನ ಮೂಲಕ ಗಾಳಿಯಿಂದಲೇ ಅದು ಪ್ರಾಣವಾಯುವನ್ನು ಪಡೆಯುತ್ತದೆ. ಉಸಿರಾಡುವ ಆ ಪೊರೆಯ ಮೇಲೆ ನಾವು ಒಂದು ಮುಚ್ಚಳವನ್ನು ಇಡುತ್ತಿದ್ದೇವೆ. ಕೈಯನ್ನು ಸಾಬೂನಿನಿಂದ ತೊಳೆದು, ಎಳೆಬಿಡದ ಬಟ್ಟೆಯಲ್ಲಿ ಒರೆಸಿ, ಒಣಗಿದ ಬೆರಳ ತುದಿಯಲ್ಲಿ ಲೆನ್ಸನ್ನು ಇಟ್ಟು ನೋಡಬೇಕು: ಅಂಚು ಬಟ್ಟಲಿನಂತೆ ನೆಟ್ಟಗೆ ನಿಂತರೆ ಸರಿ, ತಟ್ಟೆಯಂತೆ ಹೊರಕ್ಕೆ ಚಾಚಿದರೆ ಮಗುಚಿದೆಯೆಂದು ಅರ್ಥ. ಕಾಡಿಗೆಯ ಸರದಿ ಲೆನ್ಸು ತೊಟ್ಟಮೇಲೆ. ಬ್ಯಾಡಗಿ ಮೆಣಸಿನಕಾಯಿ ಮುಟ್ಟಿದ ಕೈ ಅತ್ತ ಸುಳಿಯಲೇಬಾರದು. ಈರುಳ್ಳಿ ಹೆಚ್ಚುವಾಗ ಮಾತ್ರ ಲೆನ್ಸು ಕಣ್ಣಿಗೆ ಗುರಾಣಿಯಾಗುತ್ತದೆಂಬುದು ನಮ್ಮ ಮನೆಯವರಿಗೆ ತಿಳಿದ ದಿನದಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ.

ನೀರು ಪವಿತ್ರವೆಂದು ನಂಬಿದ ನಾಡು ನಮ್ಮದು. ಲೆನ್ಸಿಗೆ ಅದೇ ವೈರಿ. ನಲ್ಲಿಯ ನೀರಾಗಲಿ ಬಾವಿಯ ನೀರಾಗಲಿ ಅದಕ್ಕೆ ಸೋಕಬಾರದು. ಕಣ್ಣಿಗೆ ಕಾಣದ ಅಕಾಂತಮೀಬವೆಂಬ ಜೀವಿ ನೀರಿನಲ್ಲಿರಬಹುದು. ಲೆನ್ಸಿನ ಅಡಿಯಲ್ಲಿ ಸಿಕ್ಕಿಕೊಂಡರೆ ಅದು ಪೊರೆಯನ್ನು ಕೊರೆಯುತ್ತದೆ, ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಆದುದರಿಂದ ಸ್ನಾನಕ್ಕೂ ಈಜಿಗೂ ಮುನ್ನ ಲೆನ್ಸನ್ನು ತೆಗೆಯಬೇಕು. ತೊಳೆಯುವ ದ್ರಾವಣವನ್ನು ದಿನವೂ ಚೆಲ್ಲಿ ಹೊಸದನ್ನು ಹಾಕಬೇಕು. ನಿನ್ನೆಯ ಸಾರಿಗೆ ಇಂದು ನೀರು ಬೆರೆಸಿದಂತೆ ಮೇಲೆ ಮೇಲೆ ಸುರಿಯಬಾರದು. ಡಬ್ಬಿಯನ್ನೂ ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕು.

ಎವೆಯಿಕ್ಕದೆ ನೋಡುವುದು ಕಾವ್ಯದಲ್ಲಿ ಶೋಭಿಸುತ್ತದೆ. ದೇವತೆಗಳು ಅನಿಮಿಷರೆಂದೇ ಪ್ರಸಿದ್ಧರು. ಲೆನ್ಸು ಧರಿಸಿದ ಮನುಷ್ಯನು ದೇವರಾಗುವ ಯತ್ನವನ್ನು ಮಾಡಬಾರದು. ಕಂಪ್ಯೂಟರನ್ನೋ ಮೊಬೈಲನ್ನೋ ದಿಟ್ಟಿಸುವಾಗ ಎವೆ ಬಡಿಯುವುದು ಕಡಿಮೆಯಾಗಿ ಲೆನ್ಸು ಒಣಗುತ್ತದೆ. ಆಗಾಗ ಕಣ್ಣು ಮುಚ್ಚಿ ತೆರೆಯುವುದೇ ಅದಕ್ಕೆ ಮದ್ದು.

ಎರಡು ವರ್ಷದ ಹಿಂದೆ ವಿದ್ಯಾರ್ಥಿನಿಯೊಬ್ಬಳು ತರಗತಿ ಮುಗಿದ ಮೇಲೆ ನಿಂತು ಕೇಳಿದಳು: "ಸರ್, ಭಾನುವಾರ ನನ್ನನ್ನು ನೋಡಲು ಬರುತ್ತಾರೆ. ಕನ್ನಡಕ ತೆಗೆದು ಕೂರು ಎಂದು ಅಮ್ಮ ಹೇಳುತ್ತಾರೆ. ತೆಗೆದರೆ ಬಂದವರ ಮುಖವೇ ನನಗೆ ಕಾಣುವುದಿಲ್ಲ. ಲೆನ್ಸ್ ಹಾಕಿಸಿಕೊಳ್ಳಲೇ?" ನಾನು ಹೇಳಿದೆ: "ಹಾಕಿಸಿಕೊಳ್ಳಮ್ಮ, ತಪ್ಪೇನೂ ಇಲ್ಲ. ಆದರೆ ಮುಚ್ಚಿಡುವುದಕ್ಕಾಗಿ ಬೇಡ, ನೋಡುವುದಕ್ಕಾಗಿ ಹಾಕಿಕೊ." ಅವಳು ಕನ್ನಡಕದಲ್ಲಿಯೇ ಕುಳಿತು, ಬಂದವರನ್ನು ಚೆನ್ನಾಗಿ ನೋಡಿ, ಬೇಡವೆಂದಳೆಂದು ಆಮೇಲೆ ತಿಳಿಯಿತು. ಈಗ ಬ್ಯಾಡ್ಮಿಂಟನ್ ಆಡುವಾಗ ತನ್ನ ಇಚ್ಛೆಯಿಂದಲೇ ಲೆನ್ಸು ಧರಿಸುತ್ತಾಳೆ.

ಮತ್ತೊಬ್ಬನ ಕಥೆ ಇಷ್ಟು ಹಗುರವಲ್ಲ. ವಿದ್ಯಾರ್ಥಿನಿಲಯದ ಆ ಹುಡುಗ ರಾತ್ರಿಯ ಬಸ್ಸಿನಲ್ಲಿ ಲೆನ್ಸು ತೆಗೆಯದೆ ನಿದ್ದೆಹೋದ. ನಿದ್ರೆಯಲ್ಲಿ ಕಣ್ಣಿಗೆ ಪ್ರಾಣವಾಯು ಮೊದಲೇ ಕಡಿಮೆ. ಲೆನ್ಸಿದ್ದರೆ ಸೋಂಕಿನ ಅಪಾಯ ಹಲವು ಪಟ್ಟು ಹೆಚ್ಚು. ಬೆಳಗ್ಗೆ ಕಣ್ಣು ಕೆಂಪಾಗಿತ್ತು. ಔಷಧದ ಅಂಗಡಿಯಿಂದ ಯಾವುದೋ ಹನಿಯನ್ನು ಕೊಂಡು ಬಿಟ್ಟುಕೊಂಡು ಮೂರು ದಿನ ಕಾದ. ವೈದ್ಯರಲ್ಲಿಗೆ ಹೋಗುವ ಹೊತ್ತಿಗೆ ಹುಣ್ಣಾಗಿತ್ತು. ಹುಣ್ಣು ಮಾಯಿತು, ಆದರೆ ಹಳ್ಳಿಯವರು ಕಣ್ಣಿನಲ್ಲಿ ಹೂ ಬಿದ್ದಿದೆ ಎನ್ನುತ್ತಾರಲ್ಲ, ಆ ಹೂ ಉಳಿಯಿತು. ನಮ್ಮ ಭಾಷೆಯಲ್ಲಿ ಇಷ್ಟು ಕ್ರೂರವಾದ ಹೂ ಬೇರೊಂದಿಲ್ಲ. ಅಂದಿನಿಂದ ನನ್ನ ವಿದ್ಯಾರ್ಥಿಗಳಿಗೆಲ್ಲ ಒಂದು ಮಾತನ್ನು ಹೇಳುತ್ತಿದ್ದೇನೆ: ಕಣ್ಣು ಕೆಂಪಾದರೆ, ನೋವಾದರೆ, ಬೆಳಕನ್ನು ಸಹಿಸದಿದ್ದರೆ, ನೋಟ ಮಂಜಾದರೆ, ಆ ಕ್ಷಣವೇ ಲೆನ್ಸನ್ನು ತೆಗೆದು ಅಂದೇ ಕಣ್ಣಿನ ವೈದ್ಯರನ್ನು ಕಾಣಿರಿ. ಹಾಗೆ ತೆಗೆಯಬೇಕಾದರೆ ಹಳೆಯ ಕನ್ನಡಕ ಚೀಲದಲ್ಲಿ ಇರಲೇಬೇಕು. ಕನ್ನಡಕವಿಲ್ಲದವನು ನೋವನ್ನು ನುಂಗಿಕೊಂಡು ಲೆನ್ಸಿನಲ್ಲಿಯೇ ಉಳಿಯುತ್ತಾನೆ.

ನನಗೂ ಈಗ ನಲವತ್ತು ದಾಟಿದೆ. ಲೆನ್ಸು ತೊಟ್ಟರೆ ದೂರದ ಬೆಟ್ಟದ ಮರಗಳು ಎಣಿಸುವಂತಿವೆ. ಕೈಯಲ್ಲಿನ ಪುಸ್ತಕದ ಸಣ್ಣಕ್ಷರ ಮಾತ್ರ ಕದಡುತ್ತದೆ. ಕನ್ನಡಕದ ಕಾಲದಲ್ಲಿ ಅದನ್ನು ಹಣೆಗೇರಿಸಿ ಪುಸ್ತಕವನ್ನು ಹತ್ತಿರಕ್ಕೆ ತಂದರೆ ಸಾಕಾಗುತ್ತಿತ್ತು. ಕಣ್ಣಿಗೆ ಅಂಟಿದ ಲೆನ್ಸನ್ನು ಹಣೆಗೇರಿಸುವುದೆಂತು? ಹೀಗಾಗಿ ಲೆನ್ಸಿನ ಮೇಲೊಂದು ಚಾಳೀಸನ್ನು ಕೊಂಡೆ. ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸಿನಲ್ಲಿ ಅನುಕೂಲ ಮಾಡಿಕೊಡುವ ಬಗೆಯೂ ಇದೆಯೆಂದು ವೈದ್ಯರು ಹೇಳಿದರು. ಇರುವ ಸ್ಪಷ್ಟತೆಯನ್ನು ಹಂಚಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಲೆನ್ಸು ಕಣ್ಣಿನ ಕುಂದನ್ನು ಕಳೆಯುವುದಿಲ್ಲ, ಒಂದು ಹಗಲಿನ ಮಟ್ಟಿಗೆ ಸಾಲವಾಗಿ ನೋಟವನ್ನು ಕೊಡುತ್ತದೆ. ಸಾಲವನ್ನು ಪ್ರತಿರಾತ್ರಿ ತಪ್ಪದೆ ತೀರಿಸುವವರಿಗೆ ಮರುದಿನ ಅದು ಮತ್ತೆ ಸಿಕ್ಕುತ್ತದೆ.