ಹೊಗೆ ಸ್ಕಾಟ್ಲೆಂಡಿನದು, ಪೀಪಾಯಿ ಸ್ಪೇನಿನದು, ಬಿಸಿಲು ನಮ್ಮದು

ಮಡಗಾಂವದಲ್ಲಿ ಕಾರವಾರದ ಬಸ್ ಹತ್ತಿದರೆ ದಾರಿಯಲ್ಲಿ ಕುಂಕಳ್ಳಿ ಸಿಗುತ್ತದೆ. 1583ರಲ್ಲಿ ಪೋರ್ಚುಗೀಸರ ವಿರುದ್ಧ ತಿರುಗಿಬಿದ್ದ ಊರು ಅಂತ ಇತಿಹಾಸದಲ್ಲಿ ಇದಕ್ಕೆ ಹೆಸರು. ಈ ಹೆದ್ದಾರಿಯಲ್ಲಿ ಹಬ್ಬಕ್ಕೆ, ಮದುವೆಗೆ ಅಂತ ಓಡಾಡುವ ಗೋವಾ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ಊರಿನ ಇನ್ನೊಂದು ಸಂಗತಿ ಗೊತ್ತಿರಲಿಕ್ಕಿಲ್ಲ. 2012ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಮಾರಾಟಕ್ಕೆ ಬಂದ ಪಾಲ್ ಜಾನ್ ಸಿಂಗಲ್ ಮಾಲ್ಟ್ ವಿಸ್ಕಿ ಭಟ್ಟಿ ಇಳಿಯುವುದು ಇಲ್ಲೇ. ಗೋವಾ ಅಂದ್ರ ಫೆನಿ, ಫೆನಿ ಅಂದ್ರ ಗೋವಾ ಎಂದುಕೊಂಡವರಿಗೆ ಇದು ಹೊಸ ಸುದ್ದಿಯೇ.

ಕಂಪನಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಇದಕ್ಕೂ ಮೊದಲು ಈ ದಾರಿ ತುಳಿದ ಅಮೃತ್ ಡಿಸ್ಟಿಲರೀಸ್ ಸಹ ಬೆಂಗಳೂರಿನದೇ. ರಾಧಾಕೃಷ್ಣ ಜಗದಾಳೆ 1948ರಲ್ಲಿ ಕಟ್ಟಿದ ಕಂಪನಿ. ಮೈಸೂರು ರಸ್ತೆಯ ಕಂಬೀಪುರದಲ್ಲಿ ಅದರ ಭಟ್ಟಿಗಳಿವೆ. ಈ ಮನೆಯಿಂದ ಆಗಾಗ ಕೆಲವೇ ಬಾಟಲಿಗಳ ಲೆಕ್ಕದಲ್ಲಿ ಹೊರಬರುವ ವಿಸ್ಕಿಗೆ 'ಗ್ರೀಡಿ ಏಂಜೆಲ್ಸ್', ಅಂದರೆ ದುರಾಸೆಯ ದೇವತೆಗಳು ಎಂದು ಹೆಸರು. ಅದರಲ್ಲೊಂದು ಬಗೆ ಪೀಟ್ ಹೊಗೆಯ ವಾಸನೆ ಹಿಡಿದು, ಕೊನೆಗೆ ಶೆರಿ ಪೀಪಾಯಿಯಲ್ಲಿ ಕೂತು, 8 ವರ್ಷಕ್ಕೆ ಬಾಟಲಿ ಸೇರಿದ್ದು. ಅದರ ಬೆಲೆ ಕೇಳಿದರೆ ಕುಡಿಯುವ ಆಸೆ ಅಲ್ಲೇ ಇಳಿಯುತ್ತದೆ, ಆ ಮಾತು ಬೇರೆ. ಆದರೆ ಆ ಬಾಟಲಿಯೊಳಗೆ ಏನೇನು ಸೇರಿದೆ ಎಂದು ನೋಡಿದರೆ ಗಡಿನಾಡಿನ ಜನಕ್ಕೆ ಪರಿಚಯದ ವಸ್ತುಗಳೇ ಸಿಗುತ್ತವೆ.

ಜೌಗಿನ ಹೊಗೆ

ಮೊದಲು ಹೊಗೆ. ಸಿಂಗಲ್ ಮಾಲ್ಟ್ ಎಂದರೆ ಒಂದೇ ಭಟ್ಟಿಮನೆಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ ಮಾಡಿದ ವಿಸ್ಕಿ. ಮೊಳಕೆ ಕಾಳನ್ನು ಒಣಗಿಸುವಾಗ ಕೆಳಗೆ ಪೀಟ್ ಉರಿಸಿದರೆ ಅದರ ಹೊಗೆ ಕಾಳಿಗೆ ಅಂಟುತ್ತದೆ. ಕಟ್ಟಿಗೆ ಒಲೆಯ ಮನೆಯಲ್ಲಿ ಹಾಲು ಕಾಯಿಸಿದಾಗ ಬರುವ ಹೊಗೆಯ ರುಚಿ ನೆನಪಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಪೀಟ್ ಎಂಬುದು ಜೌಗು ನೆಲದಲ್ಲಿ ಗಾಳಿ ಸಿಗದೆ, ಪೂರ್ತಿ ಕೊಳೆಯದೆ ಉಳಿದ ಹುಲ್ಲು, ಪಾಚಿಗಳ ಪದರ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಒಂದು ಮೀಟರ್ ಅಗೆದು ಸುಟ್ಟರೆ ಸಾವಿರ ವರ್ಷ ಸುಟ್ಟಂತೆ.

ಇದು ಸ್ಕಾಟ್ಲೆಂಡಿನ ಸ್ವತ್ತು ಎಂದೇ ಎಲ್ಲರ ತಿಳಿವಳಿಕೆ. ಆದರೆ ನಮ್ಮ ನೀಲಗಿರಿಯಲ್ಲೂ ಪೀಟ್ ಇದೆ! ಊಟಿ ಸಮೀಪದ ಸ್ಯಾಂಡಿನಲ್ಲಾ ಕಣಿವೆಯಂಥ ಜೌಗುಗಳಲ್ಲಿ ಅದು ಪದರ ಪದರವಾಗಿ ಕೂತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಆ ಪೀಟ್ ತೆಗೆದು ಪರೀಕ್ಷಿಸಿ, ದಕ್ಷಿಣ ಭಾರತದಲ್ಲಿ ಸಾವಿರಾರು ವರ್ಷಗಳ ಹಿಂದೆ ಮಳೆ ಯಾವಾಗ ಹೆಚ್ಚಿತ್ತು, ಯಾವಾಗ ಕೈಕೊಟ್ಟಿತ್ತು ಎಂದು ಓದಿದರು. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಒಮ್ಮೆ ಸುಟ್ಟರೆ ಆ ದಫ್ತರ ಮತ್ತೆ ಸಿಗುವುದಿಲ್ಲ. ನಮ್ಮವರ ವಿಸ್ಕಿಗೆ ನೀಲಗಿರಿಯ ಪೀಟ್ ಬಳಕೆಯಾಗುತ್ತಿಲ್ಲ ಎಂಬುದು ಸಮಾಧಾನ. ಅಮೃತ್‌ನವರು ಹೊಗೆ ಹಿಡಿಸಿದ ಬಾರ್ಲಿಯನ್ನೇ ಸ್ಕಾಟ್ಲೆಂಡಿನಿಂದ ತರಿಸುತ್ತಾರೆ. ಪಾಲ್ ಜಾನ್ ವಿಸ್ಕಿಯ ಪೀಟ್ ಕೂಡ ಅಲ್ಲಿಂದಲೇ ಬರುತ್ತದೆ.

ಒಣದ್ರಾಕ್ಷಿಯ ನಂಟು

ಇನ್ನು ಪೀಪಾಯಿ. ಸ್ಪೇನ್ ದೇಶದ ದಕ್ಷಿಣದಲ್ಲಿ ಹೆರೆಜ್ ಎಂಬ ಊರಿದೆ. ಅಲ್ಲಿನ ದ್ರಾಕ್ಷಾರಸವೇ ಶೆರಿ. ಹಿಂದೆ ಶೆರಿ ಓಕ್ ಪೀಪಾಯಿಯಲ್ಲೇ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಖಾಲಿಯಾದ ಪೀಪಾಯಿ ವಾಪಸ್ ಕಳಿಸುವುದು ದುಬಾರಿ, ಬಿಸಾಡಲು ಮನಸ್ಸಿಲ್ಲ. ಸ್ಕಾಟ್ಲೆಂಡಿನವರು ಅದಕ್ಕೆ ವಿಸ್ಕಿ ತುಂಬಿದರು. ಇಷ್ಟೆಲ್ಲ ಹೆಸರಾದ ರುಚಿ ಹುಟ್ಟಿದ್ದು ಹೀಗೆ, ಉಳಿತಾಯದ ಬುದ್ಧಿಯಿಂದ. 1980ರ ದಶಕದಲ್ಲಿ ಶೆರಿಯನ್ನು ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕೆಂಬ ನಿಯಮ ಬಂದ ಮೇಲೆ ಹಳೇ ಪೀಪಾಯಿ ಬರುವುದು ನಿಂತೇಹೋಯಿತು. ಈಗ ವಿಸ್ಕಿಯವರಿಗಾಗಿಯೇ ಹೊಸ ಪೀಪಾಯಿ ಮಾಡಿಸಿ, ಒಂದೆರಡು ವರ್ಷ ಶೆರಿ ತುಂಬಿಟ್ಟು ಪಳಗಿಸಿ ಕಳಿಸುತ್ತಾರೆ. ಹೀಗಾಗಿ ಅದರ ಬೆಲೆ ಅಮೆರಿಕದ ಬರ್ಬನ್ ಪೀಪಾಯಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಶೆರಿಯಲ್ಲಿ ಪೆದ್ರೊ ಹಿಮೆನೆಸ್ ಎಂಬುದೊಂದು ಬಗೆ. ಬಿಳಿ ದ್ರಾಕ್ಷಿಯನ್ನು ಕೊಯ್ದು ಚಾಪೆಯ ಮೇಲೆ ಬಿಸಿಲಿಗೆ ಹಾಸಿ, ಸುಕ್ಕುಗಟ್ಟಿದ ಮೇಲೆ ಹಿಂಡುತ್ತಾರೆ. ಕಾಕಂಬಿಯಂಥ ಕಪ್ಪು, ಸಿಹಿ ರಸ ಬರುತ್ತದೆ. ಜತ್ತ, ತಾಸಗಾಂವ, ತಿಕೋಟಾ ಕಡೆಯ ರೈತರಿಗೆ ಈ ಕೆಲಸ ಹೊಸದೇನಲ್ಲ. ನಮ್ಮಲ್ಲಿ ಶೆಡ್ ಹಾಕಿ ನೆರಳಿನಲ್ಲಿ ಒಣಗಿಸುತ್ತಾರೆ, ಅಲ್ಲಿ ಬಯಲಿನಲ್ಲಿ. ಅಡ್ಡಮಳೆ ಬಂದರೆ ಎದೆ ಹೊಡೆದುಕೊಳ್ಳುವುದು ಎರಡೂ ಕಡೆ ಒಂದೇ. ಶೆರಿ ಪೀಪಾಯಿಯ ವಿಸ್ಕಿಯಲ್ಲಿ ಒಣದ್ರಾಕ್ಷಿ, ಅಂಜೂರದ ವಾಸನೆ ಬರುತ್ತದೆ ಎಂದು ಬಲ್ಲವರು ಹೇಳುವುದಕ್ಕೆ ಮೂಲ ಇದು.

ದೇವತೆಗಳ ಪಾಲು

ಹೊಗೆಯೂ ಪೀಪಾಯಿಯೂ ಹೊರಗಿನವು. ಬಿಸಿಲು ಮಾತ್ರ ನಮ್ಮದು, ಮತ್ತು ನಿಜವಾದ ತೊಂದರೆ ಅದರದ್ದೇ. ಪೀಪಾಯಿಯ ಮರದ ಮೂಲಕ ವಿಸ್ಕಿ ದಿನಾ ಸ್ವಲ್ಪ ಸ್ವಲ್ಪ ಆವಿಯಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಇದಕ್ಕೆ ದೇವತೆಗಳ ಪಾಲು ಎನ್ನುತ್ತಾರೆ. ಅಲ್ಲಿನ ಚಳಿಗೆ ವರ್ಷಕ್ಕೆ ಸುಮಾರು ಶೇ 2 ಹೋಗುತ್ತದೆ. ಬೆಂಗಳೂರಿನಲ್ಲಿ ಶೇ 10ರಿಂದ 12, ಗೋವಾದಲ್ಲಿ ಸುಮಾರು ಶೇ 8.

ಲೆಕ್ಕ ಹಾಕಿ ನೋಡಿ. 200 ಲೀಟರ್ ತುಂಬಿಟ್ಟು 8 ವರ್ಷ ಬಿಟ್ಟರೆ ಸ್ಕಾಟ್ಲೆಂಡಿನಲ್ಲಿ 170 ಲೀಟರ್ ಉಳಿಯುತ್ತದೆ. ಬೆಂಗಳೂರಿನಲ್ಲಿ ಶೇ 10ರ ಲೆಕ್ಕದಲ್ಲೂ 86 ಲೀಟರ್. ಅರ್ಧಕ್ಕಿಂತ ಹೆಚ್ಚು ಗಾಳಿಪಾಲು! ದುರಾಸೆಯ ದೇವತೆಗಳು ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. ಅಮೃತ್‌ನ ಮೊದಲ ಗ್ರೀಡಿ ಏಂಜೆಲ್ಸ್ 2013ರಲ್ಲಿ ಬಂದಾಗ ಅದೂ 8 ವರ್ಷದ್ದು, ಬಾಟಲಿಗಳೂ ಬೆರಳೆಣಿಕೆಯವು. 'ಲಿಮಿಟೆಡ್ ಎಡಿಷನ್' ಎಂಬುದು ಎಷ್ಟೋ ಕಡೆ ವ್ಯಾಪಾರದ ಠಾಕುಠೀಕು ಇರಬಹುದು. ಇಲ್ಲಿ ಹಾಗಲ್ಲ, ಉಳಿದದ್ದೇ ಅಷ್ಟು.

ಬಿಸಿಲಿಗೆ ಇನ್ನೊಂದು ಗುಣವೂ ಇದೆ. ಸೆಖೆಗೆ ಮರ ಮತ್ತು ಮದ್ಯದ ಕೊಡುಕೊಳ್ಳುವಿಕೆ ಜೋರಾಗಿ ನಡೆಯುತ್ತದೆ. ಬಣ್ಣ, ರುಚಿ ಬೇಗ ಇಳಿಯುತ್ತದೆ. ಅಲ್ಲಿ ಹತ್ತು ಹನ್ನೆರಡು ವರ್ಷಕ್ಕೆ ಬರುವ ಹದ ಇಲ್ಲಿ ನಾಲ್ಕೈದು ವರ್ಷಕ್ಕೇ ಬಂತೆಂದು ಇಲ್ಲಿಯವರ ವಾದ. ಇದನ್ನು ಹೊರಗಿನವರು ಒಪ್ಪಲು ಕಾಲ ಹಿಡಿಯಿತು. ಭಾರತದ ವಿಸ್ಕಿ ಅಂದರೆ ಕಾಕಂಬಿ ಮದ್ಯ ಎಂಬ ಮಾತು ಗಟ್ಟಿಯಾಗಿ ಬೇರುಬಿಟ್ಟಿತ್ತು, ಅದರಲ್ಲಿ ಸುಳ್ಳೂ ಇರಲಿಲ್ಲ. ಕಾಕಂಬಿಯಿಂದ ಮಾಡಿದ್ದನ್ನು ಯುರೋಪಿನಲ್ಲಿ ವಿಸ್ಕಿ ಎಂದು ಮಾರುವಂತಿಲ್ಲ. ಇಂಥ ಹೊತ್ತಿನಲ್ಲಿ, 2004ರ ಆಗಸ್ಟ್ 24ರಂದು, ನೀಲಕಂಠ ರಾವ್ ಜಗದಾಳೆ ಅವರ ಅಮೃತ್ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು ನೇರವಾಗಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. ಕೊಂಬಿನ ಎತ್ತಿನ ಮುಂದೆ ಹೋಗಿ ನಿಂತಂತೆ. ಆರು ವರ್ಷದ ನಂತರ, 2010ರ 'ವಿಸ್ಕಿ ಬೈಬಲ್' ಕೈಪಿಡಿಯಲ್ಲಿ ಜಿಮ್ ಮರ್ರಿ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು ಜಗತ್ತಿನಲ್ಲಿ ಮೂರನೆಯದು ಎಂದರು. ಬೆಂಗಳೂರಿನ ಈ ಮಾಲ್ಟ್ ಬೆಂಗಳೂರಿನ ಅಂಗಡಿಗೆ ಬಂದದ್ದೂ ಆ ವರ್ಷವೇ. ನೀಲಕಂಠ ರಾವ್ 2019ರಲ್ಲಿ ತೀರಿಕೊಂಡರು. 2023ರಲ್ಲಿ ಅಮೆರಿಕದ ಸ್ಪರ್ಧೆಯೊಂದರಲ್ಲಿ ಹರಿಯಾಣದ ಇಂದ್ರಿ ದೀಪಾವಳಿ ಆವೃತ್ತಿಗೆ ಅಗ್ರ ಪ್ರಶಸ್ತಿ ಬಂತಲ್ಲ, ಅದೂ ಪೀಟ್ ಹೊಗೆಯ, ಪೆದ್ರೊ ಹಿಮೆನೆಸ್ ಪೀಪಾಯಿಯ ಮಾಲು.

ಈಗ ಬಂದಿರುವುದು ಬೇರೆ ಪರೀಕ್ಷೆ. ಭಾರತ ಮತ್ತು ಬ್ರಿಟನ್ 2025ರ ಜುಲೈನಲ್ಲಿ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ ಸ್ಕಾಚ್ ಮೇಲಿನ ಶೇ 150ರ ಸುಂಕವನ್ನು ಮೊದಲು ಶೇ 75ಕ್ಕೆ, ಹತ್ತು ವರ್ಷದಲ್ಲಿ ಶೇ 40ಕ್ಕೆ ಇಳಿಸುವ ಮಾತಿದೆ. ಆಗ ಒಂದೇ ಕಪಾಟಿನಲ್ಲಿ 12 ವರ್ಷ ಎಂದು ಬರೆದ ಸ್ಕಾಚ್, ಪಕ್ಕದಲ್ಲಿ ವರ್ಷವೇ ಬರೆಯದ ನಮ್ಮ ಬಾಟಲಿ, ಬೆಲೆಯೂ ಹತ್ತಿರ ಹತ್ತಿರ. ಗಿರಾಕಿ ಅಂಕಿ ನೋಡುತ್ತಾನೆ, ಬಿಸಿಲಿನ ಲೆಕ್ಕ ಕೇಳುವವರು ಕಡಿಮೆ. ಅರ್ಧ ಮಾಲು ಗಾಳಿಗೆ ಕೊಟ್ಟು ಎಂಟು ವರ್ಷ ಕಾಯುವ ಪೀಪಾಯಿಗಳನ್ನು ಕಂಪನಿಗಳು ಮುಂದೆಯೂ ಇಟ್ಟುಕೊಂಡಾವೇ, ಇಲ್ಲ ಬೇಗ ತುಂಬಿ ಬೇಗ ಮಾರುವ ದಾರಿ ಹಿಡಿದಾವೇ ಎಂಬುದು ಆ ಕಪಾಟಿನ ಮುಂದೆ ತೀರ್ಮಾನವಾಗಲಿದೆ.

ಅಂದಹಾಗೆ ಪಾಲ್ ಜಾನ್ ಮಾಡುವ ಕಂಪನಿಯದೇ ಇನ್ನೊಂದು ಮಾಲು ಒರಿಜಿನಲ್ ಚಾಯ್ಸ್. ಅದರ ಪರಿಚಯ ಕರ್ನಾಟಕದ ಹಳ್ಳಿಗಳಿಗೆ ಮಾಡಿಕೊಡಬೇಕಿಲ್ಲ. ಸಂಬಳದ ದಿನ ಯಾವ ಬಾಟಲಿ ಮನೆಗೆ ಬರುತ್ತದೆ ಎಂಬುದು ಮನೆಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಇನ್ನು ಕುಂಕಳ್ಳಿಯ ಬಾಟಲಿ ಅಗ್ಗಕ್ಕೆ ಸಿಕ್ಕಿತೆಂದು ಚೀಲದಲ್ಲಿಟ್ಟುಕೊಂಡು ಊರಿಗೆ ಹೊರಟವರು ಒಂದು ನೆನಪಿಡಬೇಕು. ಅದು ಲಂಡನ್ನಿಗೆ ಹಡಗಿನಲ್ಲಿ ಹೋಗುತ್ತದೆ, ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಮಾತ್ರ ಪರ್ಮಿಟ್ ಇಲ್ಲದಿದ್ದರೆ ಅಬಕಾರಿ ಕೇಸು.