ದೊರೆ ಇಲ್ಲದ ರಾಜಧಾನಿಗೆ ಫಾಲ್ಗುಣದಲ್ಲಿ

ಫೆಬ್ರುವರಿ ಮುಗಿಯುತ್ತಿದ್ದಂತೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಪ್ಯಾರಿಸ್, ಪ್ರಾಗ್, ವಿಯೆನ್ನಾಗಳ ಚಿತ್ರ ಮೂಡುತ್ತದೆ. ಹಿಮ ಕರಗಿ ಮೊದಲ ಚಿಗುರು ಕಾಣುವ ಹೊತ್ತಿಗೆ ಯುರೋಪಿನ ರಾಜಧಾನಿಯೊಂದನ್ನು ನೋಡಬೇಕಂತೆ. ಕೈಯಲ್ಲಿ ದುಡ್ಡಿದ್ದವರು ಹೋಗಿ ಬರಲಿ. ಆದರೆ ಐದೂವರೆ ಶತಮಾನದ ಹಿಂದೆ ಈ ದಾರಿ ತಿರುವುಮುರುವಾಗಿತ್ತು. ಯುರೋಪಿನವನೊಬ್ಬ ಇತ್ತ ಬಂದಿದ್ದ. ಅಫನಾಸಿ ನಿಕಿತಿನ್ ಅವನ ಹೆಸರು. ರಷ್ಯದ ವೋಲ್ಗಾ ದಂಡೆಯ ತ್ವೇರ್ ಪಟ್ಟಣದ ವ್ಯಾಪಾರಿ. ಮಾರಲೆಂದು ಒಂದು ಕುದುರೆಯನ್ನು ಹಡಗಿಗೇರಿಸಿಕೊಂಡು ಕೊಂಕಣದ ಚೌಲ್ ಬಂದರಿನಲ್ಲಿ ಇಳಿದ. ಜುನ್ನರಿನ ಖಾನ ಆ ಕುದುರೆಯನ್ನು ಕಿತ್ತುಕೊಂಡು, ಮತಾಂತರವಾದರೆ ಮಾತ್ರ ಕೊಡುತ್ತೇನೆ ಅಂದ. ಹೇಗೋ ಬಿಡಿಸಿಕೊಂಡು, ಘಟ್ಟ ಹತ್ತಿ, ಕಡೆಗೆ ಬಂದು ನಿಂತದ್ದು ಬೀದರಿನಲ್ಲಿ. ಕುದುರೆ ಇಲ್ಲೇ ಮಾರಾಟವಾಯಿತು. 1470ರ ಆಸುಪಾಸಿನ ಆ ದಿನಗಳಲ್ಲಿ ದಖನ್ನಿನ ಎಲ್ಲ ದಾರಿಗಳೂ ಈ ಊರಿಗೇ ಬಂದು ಸೇರುತ್ತಿದ್ದವು.

ಇಂದಿನ ಬೀದರನ್ನು 'ಕೋಟೆಯ ಊರು' ಎಂದುಕೊಂಡು ಬರುವವರು ಎರಡು ತಾಸಿನಲ್ಲಿ ಕೋಟೆ ಸುತ್ತಿ, ಚಹಾ ಕುಡಿದು ಹೈದರಾಬಾದಿನ ಬಸ್ಸು ಹತ್ತುತ್ತಾರೆ. ನನಗಿದು ಒಪ್ಪಿಗೆಯಿಲ್ಲ. ಈ ಊರನ್ನು ರಾಜಧಾನಿಯಾಗಿ ನೋಡಬೇಕು. ಅದಕ್ಕೆ ನಿಧಾನ ಬೇಕು, ಒಳ್ಳೆಯ ಹವೆಯೂ ಬೇಕು. ಎರಡೂ ಸಿಗುವುದು ಮಾಘದ ಕೊನೆ, ಫಾಲ್ಗುಣದ ಮೊದಲಲ್ಲಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಎನ್ನುವ ಮಾತು ನಮ್ಮಲ್ಲಿ ಎಲ್ಲ ಕಡೆಯೂ ಇದೆ. ಬೀದರಿನಲ್ಲಿ ಅದು ಅಷ್ಟು ಅವಸರ ಮಾಡುವುದಿಲ್ಲ. ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿ ಕೂತ ಊರಾದ್ದರಿಂದ ಬೆಳಗಿನ ತಂಪು ಒಂದಷ್ಟು ದಿನ ಹೆಚ್ಚೇ ಉಳಿಯುತ್ತದೆ. ಮಾರ್ಚ್ ಅರ್ಧ ದಾಟಿದರೆ ಬಿಸಿಲು ಕಚ್ಚಲು ಶುರು.

ಬಹಮನಿ ಸುಲ್ತಾನ ಅಹ್ಮದ್ ಷಾ ಗುಲಬರ್ಗಾ ಬಿಟ್ಟು ಇಲ್ಲಿಗೆ ಬಂದದ್ದಕ್ಕೂ ಈ ಹವೆಯೇ ಕಾರಣ ಎನ್ನುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಕಾರಣವಾಗಿ ಕಾಣುವುದು ನೀರು. ಊರು ನಿಂತಿರುವುದು ಕೆಂಪು ಕಲ್ಲಿನ ಮೇಲೆ, ಅದರಡಿ ಗಟ್ಟಿ ಕಪ್ಪು ಕಲ್ಲು. ಮಳೆ ಕೆಂಪು ಕಲ್ಲಿನೊಳಗೆ ಇಳಿದು, ಕಪ್ಪು ಕಲ್ಲಿಗೆ ತಾಗಿ, ಮುಂದೆ ದಾರಿ ಕಾಣದೆ ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ನರಸಿಂಹ ಝರಾ, ನಾನಕ್ ಝರಾ, ಪಾಪನಾಶ ಎಲ್ಲವೂ ಈ ಒಂದೇ ಕಥೆಯ ಕೊಂಬೆಗಳು. ಪರ್ಶಿಯಾದಿಂದ ಬಂದ ಜಾಣರು ಇದನ್ನು ಕಂಡು, ನೆಲದೊಳಗೆ ಸುರಂಗ ಕೊರೆದು, ನಡುನಡುವೆ ಬಾವಿಯಂಥ ಬಾಯಿಗಳನ್ನು ತೆಗೆದು, ಇಳಿಜಾರಿನ ಬಲದಿಂದಲೇ ನೀರು ಹರಿಯುವಂತೆ ಮಾಡಿದರು. ಅದೇ ಕರೇಜ್. ನೌಬಾದಿನ ಕರೇಜಿಗೆ ಇಂಥ 20ಕ್ಕೂ ಹೆಚ್ಚು ಬಾಯಿಗಳಿವೆ. ಕಸ, ಮಣ್ಣು ತುಂಬಿ ಮರೆತೇಹೋಗಿದ್ದ ಈ ಸುರಂಗವನ್ನು ಈಚಿನ ವರ್ಷಗಳಲ್ಲಷ್ಟೇ ತೆರೆದು ಹೂಳೆತ್ತಿದ್ದಾರೆ. ಕೋಟೆಗೆ ಮೊದಲು ಇದನ್ನು ನೋಡಿ ಎಂದು ನಾನು ಹೇಳುವುದುಂಟು. ಊರಿಗೆ ಊರೇ ಏಕೆ ಇಲ್ಲಿದೆ ಎಂಬುದಕ್ಕೆ ಉತ್ತರ ನೆಲದಡಿಯಲ್ಲಿದೆ.

ಹಳೆಯ ಊರಿನ ನಡಿಗೆ ಚೌಬಾರಾದಿಂದ ಶುರುವಾಗಬೇಕು. 71 ಅಡಿ ಎತ್ತರದ ಗುಂಡನೆಯ ಕಾವಲು ಗೋಪುರ, ಈಗ ಮೈಮೇಲೆ ಗಡಿಯಾರ ಕಟ್ಟಿಕೊಂಡು ನಿಂತಿದೆ. ಇಲ್ಲಿಂದ ನಾಲ್ಕು ದಿಕ್ಕಿಗೆ ನಾಲ್ಕು ಬೀದಿ. ಅವು ಊರನ್ನು ನಾಲ್ಕು ಪಾಲು ಮಾಡುತ್ತವೆ, ಪಾಲಿಗೊಂದು ತಾಲೀಮು, ಅಂದರೆ ಗರಡಿ. ಉತ್ತರದ ಬೀದಿಯಲ್ಲಿ ಅಂಗಡಿ, ಆಟೊ, ತಳ್ಳುಗಾಡಿಗಳ ನಡುವೆ ನುಸುಳುತ್ತ ಹೋದರೆ ಇದ್ದಕ್ಕಿದ್ದಂತೆ ಆಕಾಶಕ್ಕೆ ಏರಿದ ಒಂದು ಮಿನಾರು. ಅದರ ಮೈಯಲ್ಲಿ ಇನ್ನೂ ಅಂಟಿಕೊಂಡಿರುವ ನೀಲಿ, ಹಳದಿ, ಹಸಿರು ಹೆಂಚಿನ ತುಣುಕುಗಳು. ಮಹಮೂದ್ ಗವಾನನ ಮದರಸಾ, ಕಟ್ಟಿ ಮುಗಿದದ್ದು 1472ರಲ್ಲಿ.

ಗವಾನ ಕ್ಯಾಸ್ಪಿಯನ್ ಕಡಲ ದಂಡೆಯ ಗೀಲಾನಿನವನು. ವ್ಯಾಪಾರಕ್ಕೆ ಬಂದು ವಜೀರನಾದವನು. ನಿಕಿತಿನ್ ತನ್ನ ಬರಹದಲ್ಲಿ ಮಲಿಕ್ ತುಜ್ಜಾರ್ ಎಂದು ಹೇಳುವುದು ಇವನನ್ನೇ. ಒಂದೇ ಕಡಲಿನ ಎರಡು ದಿಕ್ಕಿನಿಂದ ಹೊರಟವರು ಬೀದರಿನ ಒಂದೇ ಬೀದಿಯಲ್ಲಿ ಓಡಾಡಿದ್ದರು ಅನ್ನಿ. ಮದರಸಾದ ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದವಂತೆ. ಇರಾನಿನ ಶೈಲಿಯನ್ನು ಎತ್ತಿ ತಂದು ನೆಟ್ಟ ಹಾಗಿರುವ ಈ ಕಟ್ಟಡದ ಅರ್ಧ ಮುಖ ಇವತ್ತು ಇಲ್ಲ. 1690ರ ದಶಕದಲ್ಲಿ, ಔರಂಗಜೇಬನ ಸೈನ್ಯ ಇದನ್ನು ಮದ್ದಿನ ಮನೆ ಮಾಡಿಕೊಂಡಿದ್ದಾಗ ಸಿಡಿದು ಇನ್ನೊಂದು ಮಿನಾರೂ ಹೆಬ್ಬಾಗಿಲೂ ಹೋದವು. ಗ್ರಂಥಾಲಯ ಇದ್ದ ಕಡೆ ಮದ್ದು ಇಡುವ ಬುದ್ಧಿ ಸೈನ್ಯಗಳಿಗೆ ಎಲ್ಲ ಕಾಲಕ್ಕೂ ಬರುತ್ತದೆ.

ಗವಾನನ ಕೊನೆಯೂ ಇಂಥದ್ದೇ ಒಂದು ವಸಂತದಲ್ಲಿ ಆಯಿತು. ದರಬಾರಿನಲ್ಲಿ ದಖನಿಗಳು, ಹೊರಗಿನಿಂದ ಬಂದ ಅಫಾಕಿಗಳು ಎಂದು ಎರಡು ಬಣ. ಆಗದವರು ಅವನ ಮೊಹರು ಒತ್ತಿದ ಖಾಲಿ ಕಾಗದದಲ್ಲಿ ದ್ರೋಹದ ಪತ್ರ ಬರೆದು ಸುಲ್ತಾನ ಮೂರನೆಯ ಮುಹಮ್ಮದನ ಕೈಗಿತ್ತರು. ವಿಚಾರಣೆಯಿಲ್ಲ, ಏನಿಲ್ಲ, 1481ರ ಏಪ್ರಿಲ್‌ನಲ್ಲಿ ತಲೆ ಹೋಯಿತು. ಮರುವರ್ಷ ಸುಲ್ತಾನನೂ ಸತ್ತ, ರಾಜ್ಯ ಐದು ಹೋಳಾಗುವ ದಾರಿ ಹಿಡಿಯಿತು. ಬೀದರಿನ ಹೊರವಲಯದ ಗೋರನಳ್ಳಿಯ ಬಳಿ ಗವಾನನ ಸಮಾಧಿ ಇದೆ. ಗುಮ್ಮಟ ಇಲ್ಲ, ಹೆಂಚಿನ ಚಿತ್ತಾರ ಇಲ್ಲ. ಮದರಸಾ ನೋಡಿದ ದಿನವೇ ಅದನ್ನೂ ನೋಡಿಬನ್ನಿ.

ಇನ್ನು ಕೋಟೆ. ಬಂಡೆಯಲ್ಲೇ ಕೊರೆದ ಮೂರು ಸಾಲಿನ ಕಂದಕ, ಹುಲಿಗಳ ಕೆತ್ತನೆಯ ಶರ್ಜಾ ದರವಾಜಾ, ಆಮೇಲೆ ಗುಂಬದ್ ದರವಾಜಾ. ಅರಮನೆಗೆ ಏಳು ಬಾಗಿಲು, ಬಾಗಿಲಿಗೆ ನೂರು ಕಾವಲುಗಾರರು, ನೂರು ಲೆಕ್ಕಿಗರು. ಲೆಕ್ಕಿಗರಲ್ಲಿ ಕೆಲವರು ಒಳಹೋದವರ ಹೆಸರು, ಕೆಲವರು ಹೊರಬಂದವರ ಹೆಸರು ಬರೆಯುತ್ತಾರೆ ಎಂದು ನಿಕಿತಿನ್ ಹೇಳುತ್ತಾನೆ. ಈಗ ಯಾರೂ ಏನೂ ಬರೆದುಕೊಳ್ಳುವುದಿಲ್ಲ, ಊರಿನ ಹುಡುಗರು ಬೈಕಿನಲ್ಲಿ ಕುಳಿತೇ ಒಳಗೆ ನುಗ್ಗುತ್ತಾರೆ. ಸೋಲಾ ಖಂಬಾ ಮಸೀದಿ, ಅದರ ಮುಂದಿನ ಲಾಲ್ ಬಾಗ್, ಗಗನ್ ಮಹಲ್, ಹುಲಿ-ಸೂರ್ಯರ ಹೆಂಚಿನ ಚಿತ್ರವಿರುವ ತಖ್ತ್ ಮಹಲ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ನೋಡಿ ಮುಗಿಸಬಹುದು. ರಂಗೀನ್ ಮಹಲ್ ಒಂದನ್ನು ಹಾಗೆ ಮಾಡಬೇಡಿ. ಸಾಮಾನ್ಯವಾಗಿ ಬೀಗ ಹಾಕಿರುತ್ತದೆ. ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು "ಸ್ವಲ್ಪ ತೆಗೀರಿ ಅಣ್ಣಾ" ಅಂತ ಕೇಳಬೇಕು. ಬಹಮನಿಗಳ ನಂತರ ಆಳಿದ ಬರೀದ್ ಷಾಹಿಗಳ ಕಾಲದ ಈ ಚಿಕ್ಕ ಕೋಣೆಗಳಲ್ಲಿ ಕುಸುರಿ ಕೆತ್ತನೆಯ ಮರದ ಕಂಬಗಳಿವೆ. ಕರೀ ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಬಳ್ಳಿಗಳಿವೆ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಅವು ಮಿನುಗುತ್ತವೆ.

ಕರೀ ಮೈಗೆ ಬಿಳೀ ಬಳ್ಳಿ ಎಂಬ ಈ ಚಟವೇ ಬಿದ್ರಿ ಕೆಲಸದಲ್ಲೂ ಮುಂದುವರಿದಿದೆ. ಚೌಬಾರಾದ ಸುತ್ತಿನ ಓಣಿಗಳಲ್ಲಿ ಸುತ್ತಿಗೆಯ ಟಕಟಕ ಕೇಳಿದರೆ ನಿಂತು ನೋಡಿ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ, ತಟ್ಟೆ. ಮೇಲೆ ಮೈಲುತುತ್ತ ಹಚ್ಚಿ ತಾತ್ಕಾಲಿಕ ಕಪ್ಪು ತರಿಸಿ, ಚಿತ್ರ ಗೀರಿ, ಉಳಿಯಿಂದ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಉಜ್ಜಿದರೆ ಎಲ್ಲ ಬೂದಿ ಬಣ್ಣ. ಕೊನೆಗೆ ಕಾಯಿಸಿ, ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ ತಿಕ್ಕಿದಾಗ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಿಯಾಗೇ ಉಳಿಯುತ್ತದೆ. ಮಳೆ ಬಿಸಿಲು ಕಾಣದ ಜಾಗದ ಮಣ್ಣೇ ಆಗಬೇಕು, ಅದನ್ನು ನಾಲಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಬಿದ್ರಿಗೆ 2006ರಲ್ಲಿ ಜಿಐ ಮಾನ್ಯತೆ ಬಂತು. ಇಲ್ಲಿನ ಹಿರಿಯ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಗ್ಗಕ್ಕೆ ಕೇಳಬೇಡಿ, ಕೆಲಸ ಕಣ್ಣಾರೆ ನೋಡಿದ ಮೇಲೆ ಕೇಳಲು ಮನಸ್ಸೂ ಬರಲಾರದು.

ಫಾಲ್ಗುಣದ ಬೀದರಿಗೆ ಜನ ನಾನಾ ದಿಕ್ಕಿನಿಂದ ಬರುತ್ತಾರೆ. ನಾಂದೇಡಿಗೆ ಹೋಗುವ ಸಿಖ್ ಯಾತ್ರಿಕರು ನಾನಕ್ ಝರಾದಲ್ಲಿ ಇಳಿಯುತ್ತಾರೆ. ಗುರುನಾನಕರು ದಕ್ಷಿಣಕ್ಕೆ ಬಂದಾಗ ಇಲ್ಲಿ ನೀರು ಉಕ್ಕಿಸಿದರೆಂಬುದು ಅವರ ನಂಬಿಕೆ. 1699ರಲ್ಲಿ ಗುರು ಗೋವಿಂದಸಿಂಗರ ಕರೆಗೆ ತಲೆಯೊಡ್ಡಿದ ಐವರು ಪ್ಯಾರೇಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಗುರುದ್ವಾರದ ಲಂಗರಿನಲ್ಲಿ ಯಾರು ಬೇಕಾದರೂ ಕೂತು ಉಣ್ಣಬಹುದು. ಊರಾಚೆ ಅಷ್ಟೂರಿನಲ್ಲಿ ಬಹಮನಿಗಳ ಗುಮ್ಮಟಗಳ ಸಾಲಿದೆ. ಸಿಡಿಲು ಬಡಿದು ಒಡೆದ ಹುಮಾಯೂನನ ಗುಮ್ಮಟದ ಹೊಟ್ಟೆಯೊಳಗೇ ಇಣುಕಬಹುದು. ಅಹ್ಮದ್ ಷಾನ ಗುಮ್ಮಟದ ಒಳಗೆ ಕುಂಕುಮ, ಬಂಗಾರ, ನೀಲಿಯ ಚಿತ್ತಾರ. ಹೋಳಿ ಹುಣ್ಣಿಮೆ ಕಳೆದ ಮೇಲೆ ಇಲ್ಲಿ ಉರುಸು ನಡೆಯುತ್ತದೆ, ಅದೂ ಹಿಂದೂ ಪಂಚಾಂಗದ ಲೆಕ್ಕದಲ್ಲಿ. ಕಲಬುರಗಿ ಜಿಲ್ಲೆಯ ಮಾದಿಹಾಳದಿಂದ ಜಂಗಮರು ಬಂದು ಮುಂದಾಳಾಗುತ್ತಾರೆ. ಸುಲ್ತಾನನನ್ನು ವಲಿ ಎನ್ನುವವರೂ ಅಲ್ಲಮಪ್ರಭು ಎನ್ನುವವರೂ ಒಂದೇ ಗೋರಿಗೆ ಕಾಯಿ, ಚಾದರ ಏರಿಸುತ್ತಾರೆ. ಇದನ್ನು ಸೌಹಾರ್ದದ ಪ್ರದರ್ಶನ ಅಂತ ಬರೆಯುವವರನ್ನು ಕಂಡರೆ ನನಗೆ ಬೇಸರ. ಅಲ್ಲಿಗೆ ಬಂದವರು ಏನನ್ನೂ ಪ್ರದರ್ಶಿಸಲು ಬಂದಿರುವುದಿಲ್ಲ, ಹರಕೆ ತೀರಿಸಲು ಬಂದಿರುತ್ತಾರೆ.

ನಿಕಿತಿನ್ ಕೂಡ ಇಂಥ ದಿನಗಳಲ್ಲೇ ಇಲ್ಲಿಂದ ಜಾತ್ರೆಗೆ ಹೊರಟ. ತನ್ನ ಉಪವಾಸದ ದಿನಗಳು ಯಾವಾಗ ಎಂಬ ಲೆಕ್ಕವೇ ತಪ್ಪಿಹೋಗಿದ್ದ ಅವನು, ಊರಿನ ಹಿಂದೂಗಳ ಸ್ನೇಹ ಬೆಳೆಸಿ ಅವರ ಜೊತೆ ಶ್ರೀಶೈಲ ಪರ್ವತಕ್ಕೆ ನಡೆದ. ಅವನ ಬರಹದಲ್ಲಿ ಬೆಳ್ಳಿಯ ಪಲ್ಲಕ್ಕಿಯ ಶ್ರೀಮಂತರೂ ಇದ್ದಾರೆ, ಹಳ್ಳಿಯ ಬಡಜನರೂ ಇದ್ದಾರೆ. ಉಳ್ಳವರ ವೈಭವ, ಹಳ್ಳಿಗರ ದೈನ್ಯ ಎರಡನ್ನೂ ಅವನು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಮರಳಿ ಹೊರಟವನು ತನ್ನ ಊರು ತಲುಪುವ ಮೊದಲೇ ಸ್ಮೊಲೆನ್ಸ್ಕ್ ಬಳಿ ತೀರಿಕೊಂಡ. ಅವನ ಟಿಪ್ಪಣಿ ಉಳಿಯಿತು. 1957ರಲ್ಲಿ ಸೋವಿಯತ್ ಮತ್ತು ಭಾರತದವರು ಕೂಡಿ ಅವನ ಮೇಲೆ ಸಿನಿಮಾ ತೆಗೆದರು, ಹಿಂದಿಯಲ್ಲಿ 'ಪರದೇಸಿ', ನರ್ಗಿಸ್ ಅದರಲ್ಲಿದ್ದಳು.

ಅವನು ಕಂಡ ಆ ಹಳ್ಳಿಗಾಡನ್ನು ನೋಡದೆ ರಾಜಧಾನಿಯ ಭೇಟಿ ಪೂರ್ತಿಯಾಗದು. ಬೀದರಿನಿಂದ ಭಾಲ್ಕಿಗೆ ಸುಮಾರು 40 ಕಿಲೋಮೀಟರ್, ಬಸ್ಸೂ ಉಂಟು, ರೈಲೂ ಉಂಟು. ಕಬ್ಬಿನ ಗದ್ದೆ, ಕಟಾವಿಗೆ ಬಂದ ಕಡಲೆ, ಹಳದಿ ಹೂವಿನ ಮುಳ್ಳು ಕುಸುಬಿ. ಭಾಲ್ಕಿಯಲ್ಲಿ ಭಾಲ್ಕೇಶ್ವರನ ಗುಡಿಯಿದೆ, ಆದರೆ ನಾನು ಮೊದಲು ಹೋಗುವುದು ಹಿರೇಮಠಕ್ಕೆ. ರಾಜಧಾನಿಯ ಮಾತು ಮೊದಲು ಪಾರಸಿಯಾಗಿತ್ತು. ನಿಜಾಮರ ಕಾಲಕ್ಕೆ ಕಚೇರಿ, ಶಾಲೆ ಎಲ್ಲ ಉರ್ದು. ಆಗ ಮಠದ ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಆ ಕಥೆಯನ್ನು ಇಲ್ಲಿನ ಹಿರಿಯರು ಇವತ್ತಿಗೂ ನಗುತ್ತ ಹೇಳುತ್ತಾರೆ. ಕೆಲವರು ಅವರ ಶಾಲೆಯಲ್ಲೇ ಅಕ್ಷರ ತಿದ್ದಿದವರು. ಬೀದರ್ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಇಲ್ಲಿ ಕನ್ನಡ ಓದಬಲ್ಲ ಒಂದು ತಲೆಮಾರು ಇತ್ತೆಂದರೆ ಅದರಲ್ಲಿ ಆ ಬೋರ್ಡಿನ ಪಾಲೂ ಇದೆ. ಶತಮಾನಗಟ್ಟಲೆ ಸುಲ್ತಾನರು, ಸೂಬೇದಾರರು ಆಳಿದ ಜಿಲ್ಲೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ರಾಜಕಾರಣವಾಗಿ ಕಾಣುವುದು ಅದೇ.

ಔರಾದ್ ಬೇರೆ ದಿಕ್ಕು, ಅದೂ ಸುಮಾರು ಅಷ್ಟೇ ದೂರ. ಮಾಂಜ್ರಾ ಹೊಳೆ ದಾಟಿದ ಮೇಲೆ ನೆಲ ಒಣಗುತ್ತ ಹೋಗುತ್ತದೆ, ಮುತ್ತುಗದ ಮರಗಳು ಎಲೆ ಕಳಚಿ ಕೆಂಡದಂತೆ ಹೂ ಬಿಟ್ಟಿರುತ್ತವೆ. ಕರ್ನಾಟಕದ ತುತ್ತತುದಿಯ ತಾಲ್ಲೂಕು ಇದು, ಇದರಾಚೆ ಒಂದೆಡೆ ಮಹಾರಾಷ್ಟ್ರ, ಇನ್ನೊಂದೆಡೆ ತೆಲಂಗಾಣ. ಪೇಟೆಯಲ್ಲಿ ಒಬ್ಬನೇ ಅಂಗಡಿಯವ ಗಿರಾಕಿಯ ಮುಖ ನೋಡಿ ಕನ್ನಡ, ಮರಾಠಿ, ದಖನಿ ಬದಲಿಸುತ್ತಾನೆ, ತಾಂಡಾದವರು ಬಂದರೆ ನಾಲ್ಕು ಮಾತು ಲಂಬಾಣಿಯೂ ಬರುತ್ತದೆ. ಹೋಳಿ ಹತ್ತಿರವಾದಂತೆ ತಾಂಡಾಗಳಲ್ಲಿ ಲೇಂಗಿ ಹಾಡು ಶುರುವಾಗುತ್ತದೆ. ಶಿವರಾತ್ರಿಯ ಸುಮಾರಿಗೆ ಅಮರೇಶ್ವರನ ಜಾತ್ರೆ, ಜೊತೆಗೆ ದನದ ಸಂತೆ, ಕುಸ್ತಿ. ಬಿಳಿ ಮೈಗೆ ಕರೀ ಕಲೆಯ ದೇವಣಿ ತಳಿಯ ಎತ್ತುಗಳನ್ನು ನೋಡಬೇಕಾದರೆ ಇದೇ ಸೀಮೆ. ಹಾದಿಬದಿಯ ಬಯಲಲ್ಲಿ ಕೃಷ್ಣಮೃಗದ ಹಿಂಡೂ ಕಣ್ಣಿಗೆ ಬಿದ್ದೀತು.

ಔರಾದಿನಲ್ಲಿ ಟಿಕೆಟ್ ಕೊಟ್ಟು ನೋಡುವ ಅರಮನೆ ಇಲ್ಲ, ದೊಡ್ಡ ಹೋಟೆಲ್ಲೂ ಇಲ್ಲ. ರಾತ್ರಿ ತಂಗಲು ಬೀದರಿಗೇ ಮರಳುವುದು ಲೇಸು. ನಡುವೆ ಯಾವುದಾದರೂ ಹೊಲದಲ್ಲಿ ಕಡಲೆ ಕೀಳುತ್ತಿದ್ದರೆ ಗಾಡಿ ನಿಲ್ಲಿಸಿ. "ಬರ್ರಿ, ಕುಂದ್ರಿ" ಅನ್ನುತ್ತಾರೆ, ಒಂದು ಹಿಡಿ ಹಸಿ ಕಡಲೆ ಕೈಗಿಡುತ್ತಾರೆ, ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದರೆ ಅದರಲ್ಲೂ ಪಾಲು. ಯಾವ ಊರು, ಏನು ಕೆಲಸ, ಮಕ್ಕಳೆಷ್ಟು ಎಂದು ವಿಚಾರಿಸಿದ ಮೇಲೇ ಬಿಡುವುದು, ಅದಕ್ಕೆ ಸಮಯ ಇಟ್ಟುಕೊಂಡು ಹೋಗಿ. ದುಡ್ಡು ಕೊಡಲು ಹೋದರೆ ಬೈಸಿಕೊಳ್ಳುತ್ತೀರಿ.