ಬಾಯಿಮಾತಿನ ವ್ಯಾಪಾರ ಕೋರ್ಟಿನಲ್ಲಿ ನಿಲ್ಲುತ್ತದೆಯೇ?

ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯಲ್ಲಿ ಜೋಡೆತ್ತಿನ ಬೆಲೆ ಟವೆಲ್ಲಿನ ಮರೆಯಲ್ಲಿ, ಬೆರಳು ಹಿಡಿದು ಕುದುರುವುದುಂಟು. ಲಕ್ಷ ದಾಟಿದರೂ ಕಾಗದವಿಲ್ಲ, ಸಹಿಯಿಲ್ಲ. ಇಂಥದ್ದಕ್ಕೆ ಕಾನೂನಿನ ಬಲವಿಲ್ಲವೆಂದು ಓದಿದವರೂ ಹೇಳುತ್ತಾರೆ. ಅದು ತಪ್ಪು. ಎತ್ತಾಗಲಿ, ಹಳೆಯ ಫ್ರಿಜ್ಜಾಗಲಿ, ಬಾಯಲ್ಲಿ ಆಡಿದ ಒಪ್ಪಂದವೂ ಒಪ್ಪಂದವೇ.

ಈ ಹಕ್ಕು ಸುಮ್ಮನೆ ಬಂದದ್ದಲ್ಲ. 1677ರಲ್ಲಿ ಇಂಗ್ಲೆಂಡಿನ ಸಂಸತ್ತು ‘ಸ್ಟ್ಯಾಟ್ಯೂಟ್ ಆಫ್ ಫ್ರಾಡ್ಸ್’ ಎಂಬ ಕಾನೂನು ತಂದಿತು. ಆ ಕಾಲದಲ್ಲಿ ವಾದಿ, ಪ್ರತಿವಾದಿಗಳೇ ಸಾಕ್ಷಿಕಟ್ಟೆ ಹತ್ತುವಂತಿರಲಿಲ್ಲ. ಮೂರನೆಯವರು ಬಂದು ಸುಳ್ಳು ಪ್ರಮಾಣ ಮಾಡಿದರೆ ಎದುರಾಡಲು ದಾರಿಯಿರಲಿಲ್ಲ. ಹಾಗಾಗಿ ಹತ್ತು ಪೌಂಡು ಅಥವಾ ಹೆಚ್ಚಿನ ಬೆಲೆಯ ಸರಕಿಗೆ ಬರಹವಾದರೂ ಇರಬೇಕು, ಮುಂಗಡವಾದರೂ ಸಂದಿರಬೇಕು, ಸರಕಿನ ಭಾಗವಾದರೂ ಕೈಸೇರಿರಬೇಕು ಎಂದರು. ಇಂಗ್ಲಿಷ್ ಕೋರ್ಟುಗಳ ಜೊತೆಗೇ ಈ ಕಾನೂನು ಕಲ್ಕತ್ತ, ಮದ್ರಾಸ್, ಬಾಂಬೆಗಳಿಗೂ ಬಂತು.

1872ರ ಭಾರತೀಯ ಕರಾರು ಕಾಯ್ದೆ ಅದರ ಆ ಕಲಮುಗಳನ್ನು ಇಲ್ಲಿ ರದ್ದು ಮಾಡಿತು. ಅದೇ ವರ್ಷದ ಸೆಪ್ಟೆಂಬರ್ 1ರಂದು ಕರಾರು ಕಾಯ್ದೆ, ಸಾಕ್ಷ್ಯ ಕಾಯ್ದೆ ಎರಡೂ ಒಟ್ಟಿಗೆ ಜಾರಿಗೆ ಬಂದವು. ದಾವೆದಾರನೇ ಕಟ್ಟೆ ಹತ್ತಿ ತನ್ನ ಮಾತು ಹೇಳಬಹುದೆಂದ ಮೇಲೆ ಹಳೆಯ ಭಯಕ್ಕೆ ಆಧಾರವೇ ಉಳಿಯಲಿಲ್ಲ. ಇಂಗ್ಲೆಂಡು ಸರಕಿನ ಆ ನಿಯಮವನ್ನು ಕೈಬಿಟ್ಟದ್ದು 1954ರಲ್ಲಿ. ಅಕ್ಷರ ಬಾರದ ರೈತನ ಮಾತಿಗೂ ಬೆಲೆ ಕೊಟ್ಟ ಈ ತೀರ್ಮಾನ ನನಗೆ ದೊಡ್ಡದಾಗಿ ಕಾಣುತ್ತದೆ. 1930ರ ಸರಕು ಮಾರಾಟ ಕಾಯ್ದೆಯ 5ನೇ ಕಲಮು ಬಾಯಿಮಾತಿನ ಮಾರಾಟವನ್ನು ನೇರವಾಗಿಯೇ ಒಪ್ಪಿದೆ.

ಜಮೀನಿನ ದಾರಿ ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ನೂರು ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿ ನೋಂದಾಯಿತ ಕ್ರಯಪತ್ರವಿಲ್ಲದೆ ಕೈ ಬದಲಾಗದು. ಮಾರುತ್ತೇನೆಂಬ ಕರಾರು ಮಾತ್ರ ಬಾಯಿಮಾತಿನಲ್ಲೂ ಆಗಬಹುದು. 1990ರಲ್ಲಿ ಬ್ರಿಜ್ ಮೋಹನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಆದರೂ ಅಂಥ ಕರಾರು ಆಗಿತ್ತೆಂದು ಸಾಬೀತಾಗದೆ ಕೊಳ್ಳುವವರು ಸೋತರು.

ಕಷ್ಟವಿರುವುದೇ ಅಲ್ಲಿ. ಒಪ್ಪಂದವಾಗಿತ್ತೆಂದು ತೋರಿಸುವ ಹೊರೆ ಹಾಗೆ ಹೇಳುವವನದು. ಆದ್ದರಿಂದ ಮುಂಗಡವನ್ನು ಬ್ಯಾಂಕ್ ಖಾತೆಗೇ ಹಾಕಿ. ವಸ್ತು, ಬೆಲೆ, ಬಾಕಿ, ಕೊಡುವ ದಿನ ಬರೆದು ಅಂದೇ ವಾಟ್ಸ್ಆ್ಯಪ್ ಕಳಿಸಿ, ಒಪ್ಪಿಗೆಯ ಉತ್ತರ ಪಡೆಯಿರಿ. ಬೈಕು ಮಾರಿದವರು ಆರ್‌ಟಿಒಗೆ 14 ದಿನದೊಳಗೆ ತಿಳಿಸಲೇಬೇಕು. ದಾಖಲೆಯಲ್ಲಿ ಹೆಸರು ಉಳಿದರೆ ಅಪಘಾತದ ಪರಿಹಾರ ಅವರ ತಲೆಗೇ ಬರುತ್ತದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎದುರಿನವರು ಮಾತು ತಪ್ಪಿದರೆ ಸುಮ್ಮನೆ ಕಾಯುತ್ತ ಕೂರಬೇಡಿ. ಪರಿಹಾರ ಕೇಳಲು ಸಾಮಾನ್ಯವಾಗಿ ಇರುವ ಅವಧಿ ಮೂರು ವರ್ಷ ಮಾತ್ರ.